ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ಕೊಳ್ಳುವ ಮುಂಚೆ ಇದನ್ನು ಓದಿ

ಮಣಿಕಟ್ಟು ನೋಯುತ್ತದೆಂದು ಮೌಸ್ ಬಿಟ್ಟು, ಇಟ್ಟಲ್ಲೇ ಇದ್ದು ಮೇಲಿನ ಚೆಂಡನ್ನು ಉರುಳಿಸಿ ಕರ್ಸರ್ ಸರಿಸುವ ಟ್ರ್ಯಾಕ್‌ಬಾಲ್ ಹಿಡಿಯಲು ಹೊರಟವರು ಹೆಬ್ಬೆರಳಿನಿಂದ ಉರುಳಿಸುವ ಮಾದರಿಗೆ ದಿಢೀರನೆ ದುಡ್ಡು ಹಾಕಬೇಡಿ. ನಾನು ಹಾಕಿದೆ. ಮಣಿಕಟ್ಟಿನ ನೋವೇನೋ ಹೋಯಿತು, ಸುಳ್ಳು ಹೇಳಬಾರದು. ಆದರೆ ಕೆಲವೇ ವಾರಗಳಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಂಡು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದೂ ಕಷ್ಟವಾಯಿತು.

ಡಬ್ಬದ ಮೇಲೆ ಕೈಗೆ ಶ್ರಮವೇ ಇಲ್ಲ ಎಂಬರ್ಥದ ಮಾತು ದೊಡ್ಡದಾಗಿತ್ತು. ಆ ಶ್ರಮ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಮೌಸ್ ಸರಿಸುವಾಗ ಕೆಲಸ ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಅಷ್ಟೂ ಒಂದೇ ಬೆರಳಿನ ಪಾಲು. ಈ ಮಾದರಿಗಳಲ್ಲಿ ಚೆಂಡು ಸಾಮಾನ್ಯವಾಗಿ 34 ಮಿ.ಮೀ. ಆಸುಪಾಸಿನದು, ದೊಡ್ಡ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾದರೆ ಹೆಬ್ಬೆರಳನ್ನು ಎತ್ತಿ ಎತ್ತಿ ಉರುಳಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಡ್ರ್ಯಾಗ್ ಮಾಡುವುದು. ತೋರುಬೆರಳು ಬಟನ್ ಒತ್ತಿ ಹಿಡಿದಿರುವಾಗ ಹೆಬ್ಬೆರಳು ಚೆಂಡನ್ನು ನಾಜೂಕಾಗಿ ಹೊರಳಿಸಬೇಕು, ಇಡೀ ಅಂಗೈ ಬಿಗಿಯಾಗುತ್ತದೆ. ಎಕ್ಸೆಲ್‌ನಲ್ಲಿ ಸಾಲುಗಟ್ಟಲೆ ಸೆಲ್ ಆಯುವವರಿಗೆ, ಫೋಟೋ ತಿದ್ದುವವರಿಗೆ ಇದು ದಿನವಿಡೀ ಇರುವ ಕೆಲಸ.

ಡಾಕ್ಟರು ಹೇಳಿದ ಹೆಸರು ಡಿ ಕ್ವೆರ್ವೇನ್. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯರ ಹೆಸರೇ ಕಾಯಿಲೆಗೂ ಬಂದಿದೆ. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದ ಒಂದು ಇಕ್ಕಟ್ಟಾದ ಹಾದಿಯಲ್ಲಿ ಜಾರುತ್ತವೆ. ಆ ಹಾದಿಯ ಗೋಡೆ ದಪ್ಪವಾದರೆ ಪ್ರತಿ ಚಲನೆಯಲ್ಲೂ ನೋವು. ಹಸುಗೂಸನ್ನು ಪದೇ ಪದೇ ಎತ್ತುವ ತಾಯಂದಿರಲ್ಲೂ ಇದು ಸಾಮಾನ್ಯವಂತೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದಾಗ ಹೆಬ್ಬೆರಳ ಬುಡದಲ್ಲಿ ಚಳಕ್ ಎಂದರೆ ಟ್ರ್ಯಾಕ್‌ಬಾಲ್ ಎತ್ತಿಟ್ಟು ಡಾಕ್ಟರಿಗೆ ತೋರಿಸಿ. ಹಗಲಿಡೀ ಚೆಂಡು ಉರುಳಿಸಿ, ರಾತ್ರಿ ಅದೇ ಬೆರಳಲ್ಲಿ ಫೋನ್ ಟೈಪ್ ಮಾಡಿದರೆ ಅದಕ್ಕೆ ಬಿಡುವೇ ಇಲ್ಲ.

ಕೊಳೆಯ ವಿಷಯವನ್ನೂ ಯಾರೂ ಹೇಳುವುದಿಲ್ಲ. ಚೆಂಡು ಕೂತಿರುವುದು ಮೂರು ಪುಟ್ಟ ಬೇರಿಂಗ್‌ಗಳ ಮೇಲೆ. ಚರ್ಮದ ಜಿಡ್ಡು, ಧೂಳು ಅಲ್ಲಿ ಕಟ್ಟಿಕೊಂಡಾಗ ಚೆಂಡು ಸಣ್ಣ ಚಲನೆಯಲ್ಲಿ ತಡವರಿಸುತ್ತದೆ, ನಮಗೆ ಗೊತ್ತಿಲ್ಲದೆ ಇನ್ನಷ್ಟು ಒತ್ತುತ್ತೇವೆ. ನನ್ನದರ ಕೆಳಗಿದ್ದ ತೂತಿನಿಂದ ಚೆಂಡನ್ನು ಹೊರದಬ್ಬಿ, ಬೇರಿಂಗ್‌ಗಳನ್ನು ಹತ್ತಿಯಿಂದ ಒರೆಸಬಹುದಿತ್ತು. ಜೊತೆಗೆ ಬಂದ ಚೀಟಿಯಲ್ಲಿ ಇದರ ಸುಳಿವೇ ಇಲ್ಲ!

ಇನ್ನು ಮಾರಿದವರ ಕಥೆ. ನೋವು ಎಂದಾಗಲೆಲ್ಲ "ಹೊಂದಿಕೊಳ್ಳಲು ಸಮಯ ಬೇಕು" ಎಂದರು. ಹಾಗೆನ್ನುತ್ತಲೇ ವಾಪಸಿನ ಗಡುವು ದಾಟಿಸಿದರು. ಗುರಿ ತಪ್ಪುವುದು, ಕರ್ಸರ್ ಆಚೀಚೆ ಓಡುವುದು ಅಭ್ಯಾಸದಿಂದ ಸರಿಹೋಗುತ್ತದೆ, ನಿಜ. ನೋವು ಅಭ್ಯಾಸದ ಭಾಗವಲ್ಲ. ಆ ಉತ್ತರ ಬಂದ ದಿನವೇ ವಾಪಸ್ ಕಳಿಸಿ.

ಟ್ರ್ಯಾಕ್‌ಬಾಲೇ ಕೆಟ್ಟದ್ದು ಎನ್ನುತ್ತಿಲ್ಲ. 1950ರ ದಶಕದ ಆರಂಭದಲ್ಲಿ ಕೆನಡಾ ನೌಕಾಪಡೆಯ ಡೇಟಾರ್ ಎಂಬ ಕಂಪ್ಯೂಟರ್ ಯೋಜನೆಯ ಟ್ರ್ಯಾಕ್‌ಬಾಲ್‌ನಲ್ಲಿ ಬಳಸಿದ್ದು ನಿಜವಾದ ಬೌಲಿಂಗ್ ಚೆಂಡು. ಅದನ್ನು ಹೊರಳಿಸಲು ಅಂಗೈಯೇ ಬೇಕು. ಆ ಜಾಡಿನಲ್ಲೇ ಇರುವ, ನಡುವೆ ದೊಡ್ಡ ಚೆಂಡಿರುವ ಮಾದರಿಗಳು ಇಂದಿಗೂ ಸಿಗುತ್ತವೆ. ಹೆಸರಲ್ಲಿ ಮೌಸ್ ಇದ್ದರೂ ಟ್ರ್ಯಾಕ್‌ಬಾಲೇ ಆದ ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್‌ನ ಚೆಂಡು 55 ಮಿ.ಮೀ. ಎರಡು ಮೂರು ಬೆರಳು ಸೇರಿ ಉರುಳಿಸಬಹುದು, ಎರಡೂ ಬದಿ ಒಂದೇ ಆಕಾರವಾದ್ದರಿಂದ ಎಡಗೈಗೂ ಬದಲಿಸಬಹುದು. ಆದರೆ ಇವು ಎತ್ತರ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಅಂಗೈ ಕೆಳಗೆ ಆಸರೆ ಇಲ್ಲದಿದ್ದರೆ ಹಳೆಯ ನೋವೇ ಮರಳಬಹುದು.