ಧಾರವಾಡದಲ್ಲಿ ಮೂರು ವರ್ಷ: ಬಾಡಿಗೆದಾರನ ರಿವ್ಯೂ

ಮಿಕ್ಸಿ ತಗೊಂಡರೂ ರಿವ್ಯೂ ಓದಿ ತಗೋತೀವಿ, ಊರಿಗೆ ಮಾತ್ರ ಯಾರೂ ಬರೆಯುವುದಿಲ್ಲ. ಬೆಂಗಳೂರು ಬಿಟ್ಟು ಬರುವ ಯೋಚನೆ ಇದ್ದವರಿಗೆ ಉಪಯೋಗ ಆಗಬಹುದು ಅಂತ ಇದು.

ನನ್ನ ಮನೆ ಸಪ್ತಾಪುರದಲ್ಲಿ. ಎತ್ತ ತಿರುಗಿದರೂ ಕೋಚಿಂಗ್ ಸೆಂಟರ್, ಪಿಜಿ, ಝೆರಾಕ್ಸ್ ಅಂಗಡಿ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ರಾಯಚೂರು, ವಿಜಯಪುರ, ಹಾವೇರಿ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದಾರೆ. ಅವರ ಜೇಬು ನೋಡಿಯೇ ಇಲ್ಲಿ ಊಟದ ರೇಟು ನಿಲ್ಲುತ್ತದೆ, ಅದರ ಲಾಭ ನನ್ನಂಥ ಸಂಬಳದವನಿಗೂ ಸಿಗುತ್ತದೆ.

ನಾನು ರಾತ್ರಿ ಉಣ್ಣುವ ಖಾನಾವಳಿಯಲ್ಲಿ ಇರುವುದು ಆರೇ ಟೇಬಲ್. ರೊಟ್ಟಿ ಬಡಿಯುವ ಸದ್ದು ಬೀದಿಗೇ ಕೇಳುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಮೇಲೆ ಗಟ್ಟಿ ಮೊಸರು. ಎದುರಿಗೆ ಒಬ್ಬ ಹುಡುಗ ಎಡಗೈಯಲ್ಲಿ ಪ್ರಚಲಿತ ಘಟನೆಗಳ ಪುಸ್ತಕ ಹಿಡಿದೇ ಉಣ್ಣುತ್ತಿರುತ್ತಾನೆ. "ಪುಸ್ತಕ ಮುಚ್ಚಿ ಉಣ್ಣೋ ತಮ್ಮಾ, ರೊಟ್ಟಿ ಆರತೈತಿ" ಅಂತ ಅಕ್ಕ ಬೈಯುತ್ತಾರೆ, ಕೇಳದೆಯೇ ಇನ್ನೊಂದು ಹಾಕುತ್ತಾರೆ. ಭಾನುವಾರ ರಾತ್ರಿ ಬಾಗಿಲು ಹಾಕಿರುತ್ತದೆ. ಅವತ್ತು ಮ್ಯಾಗಿ.

ಬೆಳಿಗ್ಗೆ ವಾಕಿಂಗ್ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ, ಛೋಟಾ ಮಹಾಬಳೇಶ್ವರ ಅನ್ನುವ ಗುಡ್ಡಕ್ಕೆ. 1949ರಲ್ಲಿ ಮುಂಬೈಯಲ್ಲಿ ಶುರುವಾದ ವಿಶ್ವವಿದ್ಯಾಲಯ ಮರುವರ್ಷವೇ ಇಲ್ಲಿಗೆ ಬಂತಂತೆ. ಆ ಗಾಳಿ ಕುಡಿದ ಮೇಲೆ ಯಾಕೆ ಅಂತ ಕೇಳಬೇಕಾಗಿಲ್ಲ. ಸಂಜೆ ಬೇಜಾರಾದರೆ 1890ರಿಂದ ಇರುವ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕೂರುತ್ತೇನೆ. ನಾನು ಹೋದ ಯಾವ ಕಾರ್ಯಕ್ರಮಕ್ಕೂ ಟಿಕೆಟ್ ಇರಲಿಲ್ಲ. ಭಾಷಣ ಮಾಡುವವರು ಇಸವಿ ತಪ್ಪಿದರೆ ಹಿಂದಿನ ಸಾಲಿನ ಅಜ್ಜ ಒಬ್ಬರು ಅಲ್ಲಿಂದಲೇ ತಿದ್ದುತ್ತಾರೆ, ನಿಜ ಹೇಳಬೇಕೆಂದರೆ ನಾನು ಅದನ್ನು ನೋಡಲಿಕ್ಕೇ ಹೋಗುವುದು.

ತೊಂದರೆ ಇಲ್ಲ ಅಂತಲ್ಲ. ನನ್ನ ಕೆಲಸಕ್ಕೆ ಇಲ್ಲಿ ಕಂಪನಿಗಳು ಕಮ್ಮಿ, ಬೆಂಗಳೂರಿನ ಬಾಸ್ ಮನೆಯಿಂದಲೇ ಕೆಲಸ ಮಾಡು ಅಂದಿದ್ದಕ್ಕೆ ಬದುಕಿದೆ. ನಮ್ಮ ಬೀದಿಯಲ್ಲಿ ಮಧ್ಯಾಹ್ನ ಅಂಗಡಿಯವರು ನಿದ್ದೆಗೆ ಹೋದರೆ ಒಂದು ಬಲ್ಬೂ ಸಿಗುವುದಿಲ್ಲ. ದೊಡ್ಡ ಖರೀದಿಗೆ ಹುಬ್ಬಳ್ಳಿಯೇ ಗತಿ, ಆದರೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ರಸ್ತೆಯಲ್ಲಿ ಪ್ರತ್ಯೇಕ ದಾರಿ ಇರುವುದರಿಂದ ಅದು ಅಷ್ಟು ಕಷ್ಟ ಅನ್ನಿಸುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ತಲೆಕೂದಲು ಅರ್ಧ ಬೆಳ್ಳಗಾಗಿದೆ, ಆದರೂ ಮೊನ್ನೆ ಆಧಾರ್ ಕಾಪಿ ಮಾಡಿಸಲಿಕ್ಕೆ ಹೋದಾಗ ಝೆರಾಕ್ಸ್ ಅಂಗಡಿಯವರು ಕೇಳಿದರು: "ಪರೀಕ್ಷಾ ಯಾವಾಗ್ರಿ ಸರ್ ನಿಮ್ದು?"