ನಾಲ್ಕು ವರ್ಷದ ಮಗಳ ಕೈಯಲ್ಲಿ ಟ್ಯಾಬ್: ಮೂರು ತಿಂಗಳ ಅನುಭವ

ಕೊಪ್ಪಳದ ನಮ್ಮ ಮನೆಗೆ ಎಂಟು ಇಂಚಿನ ಈ ಟ್ಯಾಬ್ ಬಂದು ಮೂರು ತಿಂಗಳಾಯಿತು. ಬೆಲೆ 9,500 ರೂಪಾಯಿ. ಅದರಲ್ಲಿ ಕನ್ನಡ ಅಕ್ಷರ ಕಲಿಸುವ ಆ್ಯಪ್ ಹಾಕಿಸಿದ್ದೇವೆ.

ಧ್ವನಿ ಬಹಳ ಸ್ಪಷ್ಟ. 'ಲ', 'ಳ' ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಮಗಳು ನಾಲಿಗೆ ಮಡಚಿ 'ಬಾಳೆ' ಎಂದ ದಿನ ಅತ್ತೆಯವರು ಅವಳನ್ನು ಎತ್ತಿ ಮುದ್ದಾಡಿದರು. ಬರವಣಿಗೆಯ ಭಾಗ ಮಾತ್ರ ನನಗೆ ಒಪ್ಪಿಗೆಯಿಲ್ಲ. 'ಅ' ಅಕ್ಷರವನ್ನು ಕೊನೆಯಿಂದ ಹಿಂದುಮುಂದಾಗಿ ತಿದ್ದಿದರೂ ಚಪ್ಪಾಳೆಯ ಸದ್ದು ಬರುತ್ತದೆ! ಗಾಜಿನ ಮೇಲೆ ಸಲೀಸಾಗಿ ಬೆರಳಾಡಿಸುತ್ತಿದ್ದವಳು ಪಾಟಿಯ ಮೇಲೆ ಬಳಪ ಒತ್ತಿ ಬರೆಯಲಾಗದೆ ಅತ್ತುಬಿಟ್ಟಳು. ಅಂದಿನಿಂದ ಮೊದಲು ಪಾಟಿ, ಆಮೇಲೆ ಟ್ಯಾಬ್.

ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕುಳಿತು ಪರದೆ ನೋಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾವು ಇಪ್ಪತ್ತೇ ನಿಮಿಷ ಕೊಡುತ್ತೇವೆ, ಅದೂ ಪಕ್ಕದಲ್ಲಿ ಕುಳಿತು. ಏಪ್ರಿಲ್ ಬಿಸಿಲಿಗೆ ಟ್ಯಾಬ್ ಕಾದು ನಿಧಾನವಾಗುತ್ತದೆ. ದಪ್ಪ ರಬ್ಬರ್ ಕವರ್ ಇಲ್ಲದೆ ಕೊಳ್ಳಲೇಬೇಡಿ.

ಪರದೆಯಲ್ಲಿ ಆನೆ ಕಂಡರೆ ಸಾಕು, ಮಗಳು ಓಡಿಹೋಗಿ ತನ್ನ ಕಿನ್ನಾಳದ ಮರದ ಆನೆಯನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತಾಳೆ.