ಸಾಟಾ ಎಸ್‌ಎಸ್‌ಡಿನಾ, ಎನ್‌ವಿಎಂಇನಾ? ಎರಡೂ ಹಾಕಿ ನೋಡಿದ ಮೇಲೆ

ಹಾಸನದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಹಂಗಾಗಿ ಯಾವ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಹಾಕೋ ವೇಗದ ಡ್ರೈವ್) ತಗೊಳ್ಳೋದು, ಸಾಟಾ ಥರದ್ದಾ ಎನ್‌ವಿಎಂಇ ಥರದ್ದಾ ಅಂತ ಸುಮಾರು ಜನ ಕೇಳ್ತಾರೆ. ಬಾಕ್ಸ್ ಮೇಲೆ ಬರೆದಿರೋ ಸ್ಪೀಡ್ ಆಮೇಲೆ ನೋಡಿ, ಆ ಡ್ರೈವ್ ನಿಮ್ ಮದರ್‌ಬೋರ್ಡಲ್ಲಿ ಯಾವ ಬಸ್ (ಡೇಟಾ ಓಡಾಡೋ ದಾರಿ) ಮೇಲೆ ಕೂರುತ್ತೆ ಅಂತ ಮೊದ್ಲು ನೋಡಿ.

ಸಾಟಾ 3 (ಹಾರ್ಡ್‌ಡಿಸ್ಕ್‌ಗೂ ಬಳಸೋ ಕನೆಕ್ಷನ್) ಅಂದ್ರೆ ಸೆಕೆಂಡಿಗೆ 6 ಗಿಗಾಬಿಟ್. ಆದ್ರೆ 8 ಬಿಟ್ ಡೇಟಾಗೆ ವೈರಲ್ಲಿ 10 ಬಿಟ್ ಹೋಗೋದ್ರಿಂದ ಉಳಿಯೋದು 600 ಎಂಬಿ, ಕೈಗೆ ಸಿಗೋದು 550ರ ಆಸುಪಾಸು, ಎಷ್ಟೇ ದುಬಾರಿ ಡ್ರೈವ್ ತಂದ್ರೂ ಅದ್ರ ಮೇಲೆ ಹೋಗಲ್ಲ. ಹಂಗಂತ ಕಡೆಗಣಿಸ್ಬೇಡಿ. ಮೂಡಿಗೆರೆ ಹತ್ರ ನಮ್ ಭಾವನ ತೋಟದ ಲೆಕ್ಕದ ಸಿಸ್ಟಮ್‌ಗೆ ಹಾರ್ಡ್‌ಡಿಸ್ಕ್ ತೆಗೆದು ಸಾಟಾನೇ ಹಾಕ್ಸಿದೆ, ಟ್ಯಾಲಿ ಈಗ ಒತ್ತಿದ ತಕ್ಷಣ ಬರುತ್ತೆ, ಅವರಿಗೆ ಇದಕ್ಕಿಂತ ಜಾಸ್ತಿ ಬೇಕಾಗೇ ಇಲ್ಲ.

ಎನ್‌ವಿಎಂಇ ಕೂರೋದು ಪಿಸಿಐ ಎಕ್ಸ್‌ಪ್ರೆಸ್ ಮೇಲೆ, ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಕೂರೋ ಬಸ್ಸೇ. ಹಳೇ ಪಿಸಿಐನಲ್ಲಿ ಇದ್ದ 133 ಎಂಬಿನೇ ಎಲ್ಲಾ ಕಾರ್ಡೂ ಹಂಚ್ಕೋಬೇಕಿತ್ತು, ಇಲ್ಲಿ ಪ್ರತಿ ಸ್ಲಾಟ್‌ಗೂ ಅದರದೇ ಲೇನ್, ಕಳ್ಸೋಕೆ ಬೇರೆ ಜೋಡಿ ವೈರು, ತಗೊಳೋಕೆ ಬೇರೆ. ಪಿಸಿಐ ಎಕ್ಸ್‌ಪ್ರೆಸ್ 3.0ನಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಹತ್ತತ್ರ 985 ಎಂಬಿ, ನಾಲ್ಕು ಸೇರಿದ್ರೆ 3,900ರ ಮೇಲೆ.

ಕೆಲಸದಲ್ಲಿ ಎಷ್ಟು ಗೊತ್ತಾಗುತ್ತೆ ಅಂದ್ರೆ, ಧಾರೆ ಟೈಮಿನ ಮೂರು ಕ್ಯಾಮೆರಾ ಫುಟೇಜ್ ಒಂದೇ ಟೈಮ್‌ಲೈನಲ್ಲಿ ಹಾಕಿದ್ರೂ ಎರಡರಲ್ಲೂ ಒಂದೇ ಥರ ಓಡ್ತು. ಯಾಕಂದ್ರೆ ಸೆಕೆಂಡಿಗೆ 100 ಮೆಗಾಬಿಟ್‌ನ ವಿಡಿಯೋ ಫೈಲ್ ಅಂದ್ರೆ ಹನ್ನೆರಡೂವರೆ ಎಂಬಿ ಅಷ್ಟೇ, ಅಲ್ಲಿ ಒದ್ದಾಡೋದು ಪ್ರೊಸೆಸರ್ರು, ಡ್ರೈವ್ ಅಲ್ಲ. ಕ್ಯಾಮೆರಾ ಕಾರ್ಡಿಂದ ಕಾಪಿ ಮಾಡೋವಾಗ್ಲೂ ಅಷ್ಟೇ, ಯುಎಚ್‌ಎಸ್-1 (ಎಸ್‌ಡಿ ಕಾರ್ಡಿನ ಒಂದು ಸ್ಪೀಡ್ ದರ್ಜೆ) ಕಾರ್ಡೇ ಸ್ಟ್ಯಾಂಡರ್ಡ್ ಪ್ರಕಾರ ಸೆಕೆಂಡಿಗೆ 104 ಎಂಬಿ ದಾಟಲ್ಲ. ಆದ್ರೆ ಅದೇ ಫುಟೇಜ್‌ನ ಪ್ರೊರೆಸ್‌ಗೆ (ಎಡಿಟಿಂಗ್‌ಗೆ ಬಳಸೋ, ಫೈಲ್ ದೊಡ್ಡದಾಗೋ ಫಾರ್ಮ್ಯಾಟ್) ತಿರುಗಿಸಿ ನಾಲ್ಕೈದು ಟ್ರ್ಯಾಕ್ ಹಾಕಿ ನೋಡಿ, ಇಲ್ಲಾ ಒಂದು ಇಡೀ ಮದುವೆ ಫೋಲ್ಡರ್ ಎನ್‌ವಿಎಂಇಯಿಂದ ಎನ್‌ವಿಎಂಇಗೆ ಹಾಕಿ ನೋಡಿ, ಅಲ್ಲಿ ಸಾಟಾ ಹಿಂದೆ ಬೀಳುತ್ತೆ.

ಒಂದು ಎಚ್ಚರಿಕೆ. ಬೋರ್ಡಲ್ಲಿ ಎಂ.2 ಸ್ಲಾಟ್ (ಪಟ್ಟಿ ಥರದ ಚಿಕ್ಕ ಎಸ್‌ಎಸ್‌ಡಿ ಚುಚ್ಚೋ ಜಾಗ) ಕಂಡ ತಕ್ಷಣ ಎನ್‌ವಿಎಂಇ ತರ್ಬೇಡಿ, ಕೆಲವು ಎಂ.2 ಸ್ಲಾಟ್ ಬರೀ ಸಾಟಾ, ಮ್ಯಾನ್ಯುಯಲ್ ನೋಡ್ಲೇಬೇಕು. ಸ್ಟುಡಿಯೋದ ಹಳೇ ಬೋರ್ಡಲ್ಲಿ ಅಡಾಪ್ಟರ್ ಹಾಕಿ ಒಂದೇ ಲೇನಿನ ಪಿಸಿಐ ಎಕ್ಸ್‌ಪ್ರೆಸ್ 2.0 ಸ್ಲಾಟ್‌ಗೆ ಎನ್‌ವಿಎಂಇ ಚುಚ್ಚಿ ನೋಡ್ದೆ, ಆ ಲೇನಿನ ಮಿತಿನೇ 500 ಎಂಬಿ, ಸಾಟಾಗಿಂತ ಕಮ್ಮಿನೇ ಬಂತು. ಅಂಥಾ ಬೋರ್ಡಿಗೆ ನಾನಾದ್ರೆ ಸಾಟಾ ಹಾಕಿ ಉಳಿದ ದುಡ್ಡಿಗೆ ರ‍್ಯಾಮ್ ತಗೋತೀನಿ. ಹೊಸ ಬೋರ್ಡಲ್ಲಿ ಎರಡು ಎಂ.2 ಸ್ಲಾಟ್ ಇದ್ರೆ ಎಡಿಟಿಂಗ್ ಡ್ರೈವ್‌ನ ಪ್ರೊಸೆಸರ್‌ಗೆ ನೇರ ಸೇರೋ ಸ್ಲಾಟ್‌ಗೇ ಹಾಕಿ, ಚಿಪ್‌ಸೆಟ್ (ಬೋರ್ಡಿನ ಉಳಿದ ಭಾಗಗಳನ್ನ ಪ್ರೊಸೆಸರ್‌ಗೆ ಸೇರಿಸೋ ಚಿಪ್) ಕಡೆಯ ಸ್ಲಾಟ್ ಆದ್ರೆ ಯುಎಸ್‌ಬಿ, ನೆಟ್‌ವರ್ಕ್ ಎಲ್ಲದರ ಜೊತೆ ಒಂದೇ ಲಿಂಕ್ ಹಂಚ್ಕೋಬೇಕಾಗುತ್ತೆ.